ಶಿಶುಪಾಲನೆ: ಕೂಸಿಗೆ ಒಗ್ಗದ ಅನ್ನ

ನಾವು ಬಲ್ಲ ಒಂದು ಮನೆಯಲ್ಲಿ ಆರು ತಿಂಗಳು ತುಂಬಿದ ಹೆಣ್ಣುಕೂಸಿಗೆ ಅನ್ನಪ್ರಾಶನವಾಯಿತು. ಹಾಲು, ಶ್ಯಾವಿಗೆ, ಅರೆದ ಗೋಡಂಬಿ ಸೇರಿದ ಪಾಯಸವನ್ನು ಬೆಳ್ಳಿಯ ಚಮಚದಿಂದ ಎರಡು ಸಲ ತಿನ್ನಿಸಿದರು. ಕಾಲು ಗಂಟೆ ಕಳೆಯುವುದರೊಳಗೆ ಕೂಸಿನ ಬಾಯಿಯ ಸುತ್ತಲೂ ಪಿತ್ತದ ಗಂಧೆಯಂತೆ ಕೆಂಪು ದದ್ದುಗಳೆದ್ದುವು. “ದೃಷ್ಟಿ ತಾಕಿದೆಯಮ್ಮ, ಉಪ್ಪು ಮೆಣಸಿನಕಾಯಿ ನಿವಾಳಿಸು” ಎಂದು ಅತ್ತೆಯವರು ಸೊಸೆಗೆ ಹೇಳಿದರು. ಸಂಜೆಯೊಳಗೆ ದದ್ದು ತಾನಾಗಿಯೇ ಇಳಿಯಿತು. ಎಲ್ಲರೂ ಅದನ್ನು ಮರೆತರು.

ಎರಡು ತಿಂಗಳ ತರುವಾಯ ಮದುವೆಯ ಮನೆಯೊಂದರಲ್ಲಿ ಯಾರೋ ಅಕ್ಕರೆಯಿಂದ ಗೋಡಂಬಿ ಬರ್ಫಿಯ ಚೂರೊಂದನ್ನು ಕೂಸಿನ ಬಾಯಿಗಿಟ್ಟರು. ಈ ಸಲ ತುಟಿ, ಕಣ್ಣರೆಪ್ಪೆಗಳು ಊದಿದುವು, ವಾಂತಿಯಾಯಿತು, ಕೆಮ್ಮು ತೊಡಗಿ ಉಸಿರಿನಲ್ಲಿ ಸಿಳ್ಳಿನಂತಹ ಸದ್ದು ಕೇಳಿಸಿತು, ಕೂಸು ತಾಯಿಯ ತೋಳಿನಲ್ಲಿ ಸೋತು ಬಿದ್ದಿತು. ಆಸ್ಪತ್ರೆಯು ಹತ್ತಿರವಿದ್ದುದರಿಂದಲೂ, ವೈದ್ಯರು ತಡಮಾಡದೆ ಅಡ್ರಿನಲಿನ್ ಚುಚ್ಚುಮದ್ದನ್ನು ಕೊಟ್ಟುದರಿಂದಲೂ ಮಗು ಉಳಿಯಿತು.

ಅಲ್ಲಿಂದ ಮುಂದೆ ಆ ತಾಯಿ ಹೆದರಿ ಹಾಲು, ಮೊಸರು, ಗೋಧಿ, ಬೇಳೆ ಎಲ್ಲವನ್ನೂ ನಿಲ್ಲಿಸಿದರು. ಕೂಸು ದಿನೇ ದಿನೇ ಬಡವಾಯಿತು. ಕೊನೆಗೆ ಮಕ್ಕಳ ವೈದ್ಯರು ಸಾವಧಾನವಾಗಿ ಕೇಳಿದ ಪ್ರಶ್ನೆ ಒಂದೇ: “ಆ ಎರಡು ತಿಂಗಳ ನಡುವೆ ಮಗು ಏನನ್ನು ತಿಂದು ಸುಖವಾಗಿತ್ತು?” ಮೊಸರನ್ನವನ್ನೂ ಗೋಧಿಯ ಗಂಜಿಯನ್ನೂ ಅದು ನಿತ್ಯವೂ ಉಂಡಿತ್ತು. ಆದುದರಿಂದ ಹಾಲಿನದೂ ತಪ್ಪಲ್ಲ, ಗೋಧಿಯದೂ ತಪ್ಪಲ್ಲ, ಉಳಿದುದು ಗೋಡಂಬಿಯೊಂದೇ. ಚರ್ಮದ ಪರೀಕ್ಷೆಯೂ ಅದನ್ನೇ ಹೇಳಿತು.

ಈ ಮನೆಯವರು ಮೊದಲು ಮಾಡಿದ ತಪ್ಪು ಅಲಕ್ಷ್ಯ, ಆಮೇಲೆ ಮಾಡಿದುದು ಅತಿಭಯ. ಇವೆರಡಕ್ಕೂ ಮದ್ದು ಒಂದೇ. ಅದು ಕಣ್ಣಿಟ್ಟು ನೋಡಿ ನೆನಪಿಡುವುದು.

ದೇಹದ ರಕ್ಷಣಾಶಕ್ತಿಯು ನಿರಪಾಯವಾದ ಆಹಾರವನ್ನು ಶತ್ರುವೆಂದು ಭ್ರಮಿಸಿ ಎದುರುಬೀಳುವುದೇ ಅಲರ್ಜಿ. 1906ರಲ್ಲಿ ವಿಯೆನ್ನಾದ ಮಕ್ಕಳ ವೈದ್ಯ ಪಿರ್ಕೆ ಎಂಬವರು ಈ ಹೆಸರನ್ನಿಟ್ಟರು. ಹಸುವಿನ ಹಾಲು, ಮೊಟ್ಟೆ, ಕಡಲೆಕಾಯಿ, ಗೋಡಂಬಿ ಮೊದಲಾದ ಬೀಜಗಳು, ಗೋಧಿ, ಸೋಯಾ, ಎಳ್ಳು, ಮೀನು, ಸಿಗಡಿ ಇವುಗಳಿಂದ ಅದು ಹೆಚ್ಚಾಗಿ ಉಂಟಾಗುವುದು. ಲಕ್ಷಣಗಳು ಸಾಮಾನ್ಯವಾಗಿ ತಿಂದ ಕೆಲವು ನಿಮಿಷಗಳಿಂದ ಎರಡು ಗಂಟೆಗಳೊಳಗೆ ತೋರುವುವು. ಹಾಲಿನ ಸಕ್ಕರೆಯು ಅರಗದೆ ಹೊಟ್ಟೆಯುಬ್ಬರ, ಭೇದಿ ಆಗುವುದು ಬೇರೆಯ ಮಾತು, ಅದು ಅಲರ್ಜಿಯಲ್ಲ. ಹಸುವಿನ ಹಾಲಿನ ಅಲರ್ಜಿಯುಳ್ಳ ಕೂಸಿಗೆ ಎಮ್ಮೆಯ ಅಥವಾ ಮೇಕೆಯ ಹಾಲನ್ನು ಕೊಟ್ಟು ನೋಡೋಣವೆಂದು ಹೊರಡಬಾರದು. ಅವು ಒಂದನ್ನೊಂದು ಬಹುಮಟ್ಟಿಗೆ ಹೋಲುವುದರಿಂದ ಅಪಾಯ ತಪ್ಪದು.

ಸಂದೇಹ ತೋರಿದ ದಿನವೇ ಒಂದು ಪುಸ್ತಕದಲ್ಲಿ ನಾಲ್ಕು ಮಾತು ಬರೆದಿಡಬೇಕು: ಮಗು ಏನು ತಿಂದಿತು, ಎಷ್ಟು ತಿಂದಿತು, ಎಷ್ಟು ಹೊತ್ತಿಗೆ ಏನಾಯಿತು, ಅದೇ ಪದಾರ್ಥವನ್ನು ಹಿಂದೆ ತಿಂದಾಗ ಹೇಗಿತ್ತು. ವೈದ್ಯರಿಗೆ ಇದಕ್ಕಿಂತ ಉಪಯುಕ್ತವಾದ ಕಾಗದವಿಲ್ಲ. ರಕ್ತಪರೀಕ್ಷೆಯೊಂದನ್ನೇ ನಂಬಿ ಹತ್ತು ಪದಾರ್ಥಗಳನ್ನು ಬಿಡಿಸುವುದು ಸರಿಯಲ್ಲ. ಕರ್ನಾಟಕದ ವಯಸ್ಕರನ್ನು ಕುರಿತು 2016ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ ನೂರಕ್ಕೆ 26ಕ್ಕೂ ಹೆಚ್ಚು ಮಂದಿಯ ರಕ್ತದಲ್ಲಿ ಯಾವುದಾದರೊಂದು ಆಹಾರದ ವಿರುದ್ಧದ ಗುರುತು ಕಂಡಿತು. ಆದರೆ ನಿಜವಾಗಿ ಅಲರ್ಜಿಯುಳ್ಳವರೆಂದು ತೋರಿದವರು ನೂರಕ್ಕೆ ಒಬ್ಬರಿಗಿಂತ ತುಸು ಹೆಚ್ಚು ಅಷ್ಟೆ. ಗುರುತಿದ್ದ ಮಾತ್ರಕ್ಕೆ ರೋಗವಿರಬೇಕೆಂದಿಲ್ಲ. ಸಂದೇಹವನ್ನು ತೀರಿಸಲು ಆ ಪದಾರ್ಥವನ್ನು ಸ್ವಲ್ಪ ಸ್ವಲ್ಪವಾಗಿ ತಿನ್ನಿಸಿ ನೋಡುವ ಪರೀಕ್ಷೆಯುಂಟು. ಆದರೆ ಅದನ್ನು ಆಸ್ಪತ್ರೆಯಲ್ಲಿಯೇ ಮಾಡಿಸತಕ್ಕದ್ದು, ಮನೆಯಲ್ಲಿ ಎಂದಿಗೂ ಕೂಡದು.

ಬರಿಯ ದದ್ದಾದರೆ ಮಗುವನ್ನು ಬಿಟ್ಟಗಲದೆ ನೋಡುತ್ತಿದ್ದು ವೈದ್ಯರನ್ನು ಕೇಳಬಹುದು. ಉಸಿರು ಕಟ್ಟುವುದು, ಧ್ವನಿ ಒಡೆಯುವುದು, ನಾಲಗೆ ಊದುವುದು, ಎಡೆಬಿಡದ ಕೆಮ್ಮು, ಮಂಪರು, ಮುಖ ಬಿಳಿಚುವುದು ಇವುಗಳಲ್ಲೊಂದು ಕಂಡರೂ ಕ್ಷಣವೂ ಕಾಯಬಾರದು. ವೈದ್ಯರು ಮೊದಲೇ ಅಡ್ರಿನಲಿನ್ ಕೊಟ್ಟು ಕಲಿಸಿದ್ದರೆ ಅದನ್ನು ಕೂಡಲೆ ತೊಡೆಯ ಹೊರಮಗ್ಗುಲಿಗೆ ಚುಚ್ಚಿ 108ಕ್ಕೆ ಕರೆಮಾಡಬೇಕು. ಇಲ್ಲವಾದರೆ ಹತ್ತಿರದ ಆಸ್ಪತ್ರೆಗೆ ಒಯ್ಯಬೇಕು. ಮಗುವನ್ನು ಅಂಗಾತ ಮಲಗಿಸಬೇಕು. ಉಸಿರಿಗೆ ಕಷ್ಟವಾದರೆ ಒರಗಿಸಿ ಕೂರಿಸಬಹುದು. ನಿಲ್ಲಿಸುವುದಾಗಲಿ ನಡೆಸುವುದಾಗಲಿ ಕೂಡದು. ತುರಿಕೆಯ ಔಷಧವು ಅಡ್ರಿನಲಿನ್ನಿನ ಕೆಲಸವನ್ನು ಮಾಡಲಾರದು. ಚೇತರಿಸಿಕೊಂಡಂತೆ ಕಂಡರೂ ಕೆಲವು ಗಂಟೆಗಳ ಮೇಲೆ ಉಪದ್ರವವು ಮರಳಬಹುದಾದುದರಿಂದ ವೈದ್ಯರು ಹೇಳುವವರೆಗೆ ಆಸ್ಪತ್ರೆಯಲ್ಲಿಯೇ ಇರಬೇಕು.

ಇಷ್ಟನ್ನು ಓದಿ, ಕಡಲೆಕಾಯಿ ಮೊಟ್ಟೆಗಳನ್ನು ಮೂರು ವರ್ಷದವರೆಗೆ ಮುಟ್ಟಿಸುವುದೇ ಬೇಡವೆಂದು ಯಾರೂ ನಿಶ್ಚಯಿಸಬಾರದು. ಹಿಂದೆ ಪಾಶ್ಚಾತ್ಯ ವೈದ್ಯರೂ ಹಾಗೆಯೇ ಹೇಳುತ್ತಿದ್ದರು. ಆದರೆ ಲಂಡನ್ನಿನಲ್ಲಿ ತೀವ್ರವಾದ ಇಸುಬು ಅಥವಾ ಮೊಟ್ಟೆಯ ಅಲರ್ಜಿಯಿದ್ದ 640 ಕೂಸುಗಳನ್ನು ಎರಡು ಪಂಗಡವಾಗಿ ಮಾಡಿ, ಒಂದಕ್ಕೆ ಕಡಲೆಕಾಯಿಯ ತಿನಿಸನ್ನು ಕೊಡುತ್ತ, ಇನ್ನೊಂದಕ್ಕೆ ಕೊಡದೆ ಐದು ವರ್ಷ ತುಂಬುವವರೆಗೆ ನೋಡಿದರು. 2015ರಲ್ಲಿ ಪ್ರಕಟವಾದ ಫಲವಿದು: ವರ್ಜಿಸಿದವರಲ್ಲಿ ನೂರಕ್ಕೆ ಸುಮಾರು 17 ಮಕ್ಕಳಿಗೆ ಕಡಲೆಕಾಯಿಯ ಅಲರ್ಜಿಯುಂಟಾಯಿತು, ತಿಂದವರಲ್ಲಿ ನೂರಕ್ಕೆ ಸುಮಾರು ಮೂವರಿಗೆ ಮಾತ್ರ. ಆದುದರಿಂದ ಆರು ತಿಂಗಳಾದ ಮೇಲೆ, ಎದೆಹಾಲನ್ನು ನಿಲ್ಲಿಸದೆ, ಹೊಸ ಪದಾರ್ಥಗಳನ್ನು ಒಂದೊಂದಾಗಿ, ಬೆಳಗಿನ ಹೊತ್ತು, ಚಮಚದ ತುದಿಯಷ್ಟರಿಂದ ಆರಂಭಿಸಿ ಕೊಡಬೇಕು. ಬೀಜಗಳನ್ನು ನುಣ್ಣಗೆ ಅರೆದು ತೆಳ್ಳಗೆ ಕಲಸಬೇಕು. ಇಡಿಯ ಬೀಜವು ಗಂಟಲಿಗೆ ಸಿಕ್ಕಿಕೊಳ್ಳುವುದು. ಇಸುಬು ಹೆಚ್ಚಾಗಿರುವ ಕೂಸಿಗೆ ವೈದ್ಯರನ್ನು ಕೇಳಿ ಕೊಡುವುದು ಲೇಸು.

ಒಗ್ಗದ ಪದಾರ್ಥವು ಗೊತ್ತಾದ ಮೇಲೆ ಅಡಿಗೆಮನೆಯು ಎಚ್ಚರವಾಗಿರಬೇಕು. ಚಟ್ನಿಪುಡಿಯಲ್ಲಿ ಕಡಲೆಕಾಯಿಯೂ, ಕುರ್ಮದಲ್ಲಿ ಅರೆದ ಗೋಡಂಬಿಯೂ, ಬಿಸ್ಕತ್ತಿನಲ್ಲಿ ಹಾಲಿನ ಪುಡಿಯೂ ಕಣ್ಣಿಗೆ ಕಾಣದೆ ಅಡಗಿರುವುವು. ಸಂಕ್ರಾಂತಿಯ ಎಳ್ಳು ಬೀರುವಾಗ ಎಳ್ಳೂ ಕಡಲೆಕಾಯಿಯೂ ಒಂದೇ ಪೊಟ್ಟಣದಲ್ಲಿರುವುವು. ಕೊಂಡ ಪೊಟ್ಟಣಗಳ ಮೇಲೆ ಹಾಲು, ಮೊಟ್ಟೆ, ಕಡಲೆಕಾಯಿ ಮುಂತಾದುವು ಇವೆಯೆಂಬುದನ್ನು ಅಚ್ಚುಮಾಡಬೇಕೆಂದು 2020ರ ಭಾರತದ ನಿಯಮವು ವಿಧಿಸುವುದು. ಅದನ್ನು ಓದುವ ಅಭ್ಯಾಸವಿರಲಿ. ಹಾಲು ಮೊಟ್ಟೆಗಳ ಅಲರ್ಜಿಯು ಬಹುಮಂದಿ ಮಕ್ಕಳಲ್ಲಿ ಬೆಳೆಯುತ್ತ ಬೆಳೆಯುತ್ತ ಹೋಗುವುದು. ಕಡಲೆಕಾಯಿ, ಗೋಡಂಬಿಗಳದು ಹೆಚ್ಚಾಗಿ ಉಳಿಯುವುದು. ಆಗಾಗ್ಗೆ ವೈದ್ಯರಲ್ಲಿ ಪುನಃ ಪರೀಕ್ಷಿಸಿ ತಿಳಿಯಬೇಕು.

ನಾವು ಮೊದಲು ಹೇಳಿದ ಹುಡುಗಿಗೆ ಈಗ ಐದು ವರ್ಷ. ಹಾಲು, ಗೋಧಿ ಎಲ್ಲವನ್ನೂ ತಿಂದು ಪುಷ್ಟವಾಗಿದ್ದಾಳೆ. ಹಬ್ಬದ ದಿನ ಅವಳ ಪಾಯಸವನ್ನು ಬೇರೆಯ ಪಾತ್ರೆಯಲ್ಲಿ, ಬೇರೆಯ ಸೌಟಿನಿಂದ ಮಾಡುವವರು ಅಂದು ದೃಷ್ಟಿಯೆಂದಿದ್ದ ಆ ಅಜ್ಜಿಯೇ. ನೆಂಟರು ಬಂದರೆ, “ಮಗುವಿಗೆ ನನ್ನನ್ನು ಕೇಳದೆ ಏನೂ ಕೊಡಬೇಡಿ” ಎಂದು ಬಾಗಿಲಲ್ಲಿಯೇ ಹೇಳುವವರೂ ಅವರೇ.