ಪ್ಯಾರಿಸ್ಸಿನ ಸೆಳೆತಕ್ಕೆ ಕಾರಣವೇನು?

ಪ್ರಪಂಚದಲ್ಲಿ ಯಾವ ನಗರವನ್ನು ನೋಡುವ ಆಸೆಯಿದೆ ಎಂದು ಕೇಳಿದರೆ ಪ್ಯಾರಿಸ್ಸಿನ ಹೆಸರು ಹೇಳುವವರು ಬಹಳ ಮಂದಿ. ಫ್ರಾನ್ಸಿನ ರಾಜಧಾನಿಯಾದ ಈ ನಗರದ ವಿಸ್ತೀರ್ಣ ಸುಮಾರು 105 ಚದರ ಕಿಲೋಮೀಟರು. ಜನಸಂಖ್ಯೆ ಸುಮಾರು 21 ಲಕ್ಷ. ಇದಕ್ಕಿಂತ ದೊಡ್ಡವೂ ಹಳೆಯವೂ ಆದ ನಗರಗಳು ಎಷ್ಟೋ ಇವೆ. ಆದರೂ ಪ್ರವಾಸಿಗರಿಗೆ ಇದರ ಮೇಲಿನ ಮೋಹ ಕಡಿಮೆಯಾಗಿಲ್ಲ. ಉಡುಪಿನ ಬೆಡಗು, ಅತ್ತರಿನ ಪರಿಮಳ, ಊಟದ ರುಚಿ ಇವೇ ಅದಕ್ಕೆ ಕಾರಣವೆಂದು ಹಲವರ ಅಭಿಪ್ರಾಯ. ನನಗೆ ಹಾಗೆ ತೋರುವುದಿಲ್ಲ. ಅಲ್ಲಿನ ಜನ ತಮ್ಮ ಊರಿನ ವಿಷಯದಲ್ಲಿ ಸುಮ್ಮನಿರುವವರಲ್ಲ, ವಾದಿಸುತ್ತಾರೆ, ಜಗಳವಾಡುತ್ತಾರೆ. ಪ್ಯಾರಿಸ್ಸಿನ ಚೆಲುವು ಉಳಿದಿರುವುದು ಬಹುಮಟ್ಟಿಗೆ ಇದರಿಂದಲೇ.

ನೋತ್ರ್ ದಾಮ್ ಇಗರ್ಜಿಯನ್ನೇ ನೋಡೋಣ. 12ನೆಯ ಶತಮಾನದಲ್ಲಿ ಕಟ್ಟಲಾರಂಭಿಸಿದ ಈ ಮಂದಿರ 19ನೆಯ ಶತಮಾನದ ಹೊತ್ತಿಗೆ ಜೀರ್ಣವಾಗಿತ್ತು. 1831ರಲ್ಲಿ ವಿಕ್ಟರ್ ಹ್ಯೂಗೋ ಅದನ್ನೇ ಕೇಂದ್ರವಾಗಿಟ್ಟು ಕಾದಂಬರಿ ಬರೆದ. ಜನರ ಕಣ್ಣು ತೆರೆಯಿತು. 1840ರ ದಶಕದಲ್ಲಿ ಜೀರ್ಣೋದ್ಧಾರ ಆರಂಭವಾಯಿತು. 2019ರ ಏಪ್ರಿಲ್ 15ರಂದು ಬೆಂಕಿ ಬಿದ್ದು ಅದರ ಮಾಡೂ ಶಿಖರವೂ ಉರಿದುಹೋದುವು. ಹೊಸ ಶಿಖರ ಯಾವ ಮಾದರಿಯಲ್ಲಿರಬೇಕೆಂದು ಬಹಳ ಚರ್ಚೆ ನಡೆದು, ಕೊನೆಗೆ ಹಿಂದಿನಂತೆಯೇ ಕಟ್ಟಲಾಯಿತು. 2024ರ ಡಿಸೆಂಬರಿನಲ್ಲಿ ಇಗರ್ಜಿ ಮತ್ತೆ ತೆರೆಯಿತು.

ಆದರೆ ಹಳೆಯದೆಲ್ಲ ಒಳ್ಳೆಯದು, ಹೊಸದೆಲ್ಲ ಕೆಟ್ಟದು ಎಂದು ತಿಳಿಯಬಾರದು. 1889ರ ವಿಶ್ವ ಪ್ರದರ್ಶನಕ್ಕಾಗಿ ಐಫೆಲ್ ಗೋಪುರವನ್ನು ಕಟ್ಟತೊಡಗಿದಾಗ, ಕತೆಗಾರ ಮೊಪಾಸಾನೂ ಸೇರಿದಂತೆ ಹೆಸರಾಂತ ಲೇಖಕರು, ಕಲಾವಿದರು ಪತ್ರಿಕೆಯಲ್ಲಿ ಬಹಿರಂಗವಾಗಿ ಪ್ರತಿಭಟಿಸಿದ್ದರು. ಗೋಪುರಕ್ಕೆ ದೊರೆತಿದ್ದ ಅವಧಿಯೂ 20 ವರ್ಷ ಮಾತ್ರ. ನಿಸ್ತಂತು ಸಂದೇಶಕ್ಕೆ ಅದು ಉಪಯುಕ್ತವೆಂದು ಕಂಡುಬಂದುದರಿಂದ ಉಳಿಯಿತು. ಇಂದು ಪ್ಯಾರಿಸ್ಸಿನ ಗುರುತೇ ಆಗಿದೆ. 1973ರಲ್ಲಿ ಮುಗಿದ ಮೊಂಪಾರ್ನಾಸ್ ಗೋಪುರಕ್ಕೆ ಆ ಭಾಗ್ಯ ಬರಲಿಲ್ಲ. ಸುಮಾರು 210 ಮೀಟರ್ ಎತ್ತರದ ಆ ಕಟ್ಟಡ ಹಲವರ ಬೇಸರಕ್ಕೆ ಕಾರಣವಾಗಿ, 1977ರಲ್ಲಿ ನಗರದೊಳಗಿನ ಕಟ್ಟಡಗಳ ಎತ್ತರಕ್ಕೆ ಮಿತಿ ಹಾಕಲಾಯಿತು.

ಹಳೆಯ ಪುಸ್ತಕ ಮಾರುವವರ ಸಂಗತಿ ವಿದ್ಯಾರ್ಥಿಗಳಿಗೆ ಇನ್ನೂ ಪ್ರಿಯವಾದೀತು. ಸೇನ್ ನದಿಯ ದಂಡೆಯ ಕಲ್ಲುಗೋಡೆಗಳ ಮೇಲೆ ಹಸಿರು ಪೆಟ್ಟಿಗೆಗಳನ್ನಿಟ್ಟು ಇವರು ವ್ಯಾಪಾರ ಮಾಡುತ್ತಾರೆ. 2024ರ ಒಲಿಂಪಿಕ್ಸಿನ ಉದ್ಘಾಟನೆಗೆ ರಕ್ಷಣೆಯ ಕಾರಣದಿಂದ ನೂರಾರು ಪೆಟ್ಟಿಗೆಗಳನ್ನು ತೆಗೆಸಲು ಅಧಿಕಾರಿಗಳು ಹೊರಟಾಗ ಪ್ರಬಲ ವಿರೋಧ ಬಂತು. ಕೊನೆಗೆ ರಾಷ್ಟ್ರಾಧ್ಯಕ್ಷರೇ ಆ ಯೋಚನೆಯನ್ನು ಕೈಬಿಡಿಸಿದರು. ಜಗತ್ತೇ ನೋಡುವ ಉತ್ಸವದ ಎದುರಿಗೂ ಪುಸ್ತಕದ ಪೆಟ್ಟಿಗೆಗಳು ಅಲುಗಲಿಲ್ಲ!

ಈ ಚೆಲುವಿಗೆ ತೆತ್ತ ಬೆಲೆಯನ್ನೂ ಮರೆಯುವಂತಿಲ್ಲ. ಪ್ರವಾಸಿಗರು ಮೆಚ್ಚುವ ಅಗಲವಾದ ಸಾಲುಮರದ ಬೀದಿಗಳು ಹಲವು 1853ರಿಂದ 1870ರವರೆಗೆ ಓಸ್ಮಾನನ ಕಾಲದಲ್ಲಿ ಆದುವು. ಗಾಳಿ ಬೆಳಕು ಬಂತು, ಒಳಚರಂಡಿ ಬಂತು. ಆದರೆ ಸಾವಿರಾರು ಬಡವರು ಮನೆ ಕಳೆದುಕೊಂಡು ಊರಂಚಿಗೆ ಹೋಗಬೇಕಾಯಿತು. ಇಂದು ಮನೆಗಳನ್ನು ಪ್ರವಾಸಿಗರಿಗೆ ದಿನಬಾಡಿಗೆಗೆ ಕೊಟ್ಟರೆ ಲಾಭ ಹೆಚ್ಚು. ಊರವರಿಗೆ ಮನೆ ಸಿಗುವುದು ಕಷ್ಟ. ಆದ್ದರಿಂದ ತಾವು ವಾಸಿಸುವ ಮನೆಯನ್ನು ವರ್ಷಕ್ಕೆ 90 ದಿನಗಳಿಗಿಂತ ಹೆಚ್ಚು ಹಾಗೆ ಕೊಡಕೂಡದೆಂದು 2025ರಿಂದ ಅಲ್ಲಿ ನಿಯಮವಿದೆ. ಇದು ಸರಿಯಾದ ಕ್ರಮವೆಂದೇ ನನ್ನ ಭಾವನೆ. ಊರವರೇ ಇಲ್ಲದ ಮೇಲೆ ಆ ಊರಿಗಾಗಿ ವಾದಿಸುವವರಾರು?

ಪ್ಯಾರಿಸ್ಸನ್ನು ನೋಡುವ ಯೋಗ ನಮ್ಮಲ್ಲಿ ಎಷ್ಟು ಮಂದಿಗಿದೆಯೋ ಹೇಳಲಾಗದು. ಹೋದವರು ಗೋಪುರದ ಮುಂದೆ ಚಿತ್ರ ತೆಗೆಸಿಕೊಂಡು ಬಂದರೆ ಸಾಲದು. ಅದು ಹೇಗೆ ಉಳಿಯಿತೆಂಬುದನ್ನೂ ಕೇಳಿ ತಿಳಿಯಬೇಕು. ಹೋಗದವರೂ ಇಷ್ಟನ್ನು ಕಲಿಯಬಹುದು: ಊರಿನ ಹಳೆಯ ಕಟ್ಟಡ, ಮರ, ಗ್ರಂಥಾಲಯಗಳ ಹೊಣೆ ಸರಕಾರದ್ದು ಮಾತ್ರವಲ್ಲ. ಅವು ಹಾಳಾಗುವಾಗ ಬಾಯಿಬಿಟ್ಟು ಕೇಳುವ ಜನರಿರುವ ಊರು ಚೆಲುವಾಗಿಯೇ ಉಳಿಯುತ್ತದೆ.