ನೇತ್ರಾಣಿಗೆ ಹೋಗುವ ಮುನ್ನ ಹಿಂದಿರುಗುವ ಲೆಕ್ಕ

ಸಮುದ್ರದೊಳಕ್ಕೆ ಮುಳುಗಿ ಹವಳಗಳನ್ನೂ ಬಣ್ಣಬಣ್ಣದ ಮೀನುಗಳನ್ನೂ ಕಂಡು ಬರಬೇಕೆಂಬ ಆಸೆ ನಮ್ಮ ಕಾಲೇಜುಗಳ ತರುಣ ತರುಣಿಯರಲ್ಲಿ ಈಗ ಬಹಳವಾಗಿದೆ. ಒಳ್ಳೆಯ ಆಸೆಯೇ ಸರಿ. ಅದಕ್ಕಾಗಿ ಅಂಡಮಾನಿಗೋ ಲಕ್ಷದ್ವೀಪಕ್ಕೋ ಹೋಗಲೇಬೇಕೆಂಬುದೇನೂ ಇಲ್ಲ. ಉತ್ತರ ಕನ್ನಡ ಜಿಲ್ಲೆಯ ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರು ದೂರದಲ್ಲಿ, ಅರಬ್ಬಿ ಸಮುದ್ರದ ನಡುವೆ, ನೇತ್ರಾಣಿಯೆಂಬ ನಿರ್ಜನ ದ್ವೀಪವೊಂದಿದೆ. ಶನಿವಾರ ರಾತ್ರಿ ಬೆಂಗಳೂರನ್ನು ಬಿಟ್ಟು, ಭಾನುವಾರ ಬೆಳಗ್ಗೆ ಅಲ್ಲಿ ಮುಳುಗಿ, ಅಂದೇ ಸಂಜೆ ಬಸ್ಸು ಹತ್ತಿ, ಸೋಮವಾರದ ಮೊದಲ ಪಾಠಕ್ಕೆ ಹಾಜರಾಗಬಹುದೆಂದು ಅನೇಕರು ಯೋಜನೆ ಹಾಕುತ್ತಾರೆ. ಈ ಯೋಜನೆ ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ. ಕಾರಣವನ್ನು ಕಣ್ಣಾರೆ ಕಾಣಬೇಕೆನ್ನುವವರು ಮೊದಲು ಶಿವಾಜಿನಗರದ ರಸೆಲ್ ಮಾರುಕಟ್ಟೆಗೆ ಹೋಗುವುದು ಲೇಸು.

1927ರಲ್ಲಿ ದಂಡುಪ್ರದೇಶದಲ್ಲಿ ಕಟ್ಟಲ್ಪಟ್ಟ ಈ ಮಾರುಕಟ್ಟೆಗೆ, ಮಂಜುಗಡ್ಡೆಯಲ್ಲಿ ಹುದುಗಿಸಿದ ಸಮುದ್ರದ ಮೀನು ಘಟ್ಟ ಹತ್ತಿ ಬರುತ್ತದೆ. ಮೀನಿನಂಗಡಿಗಳಲ್ಲಿ ಅಂಜಲ್, ಬಂಗುಡೆಗಳನ್ನು ಬಿಟ್ಟು, ಬಂಡೆಗಳ ಆಸರೆಯಲ್ಲಿ ಬಾಳುವ ಮುರು ಮೀನನ್ನೋ ಕೆಂಬೇರಿಯನ್ನೋ ಹುಡುಕಬೇಕು. ಕೆಲವೊಮ್ಮೆ ಇಂತಹ ಮೀನಿನ ಕಣ್ಣುಗುಡ್ಡೆಗಳು ಉಬ್ಬಿರುತ್ತವೆ. ಬಾಯಿಯಿಂದ ಚೀಲದಂತಹ ವಸ್ತುವೊಂದು ಹೊರಬಂದಿರುತ್ತದೆ. ಅದನ್ನು ನಾಲಗೆಯೆಂದು ಭಾವಿಸುವವರುಂಟು. ವಾಸ್ತವವಾಗಿ ಅದು ಆ ಮೀನಿನ ಜಠರ! ಈ ಮೀನುಗಳ ಒಡಲಿನಲ್ಲಿ ಅನಿಲ ತುಂಬಿದ ವಾಯುಚೀಲವಿರುತ್ತದೆ. ಸಮುದ್ರದಲ್ಲಿ ಪ್ರತಿ 10 ಮೀಟರು ಆಳಕ್ಕೂ ಒಂದು ವಾತಾವರಣದಷ್ಟು ಒತ್ತಡ ಹೆಚ್ಚುವುದರಿಂದ, 30 ಮೀಟರು ಆಳದಲ್ಲಿ ಅದರ ಮೇಲಿನ ಒತ್ತಡ ನಾಲ್ಕು ಪಟ್ಟು. ಗಾಳಕ್ಕೆ ಸಿಕ್ಕಿದ ಮೀನನ್ನು ಥಟ್ಟನೆ ಮೇಲಕ್ಕೆಳೆದಾಗ ಒತ್ತಡ ಇಳಿಯುತ್ತದೆ, ಅನಿಲ ಹಿಗ್ಗುತ್ತದೆ, ಹಿಗ್ಗಿದ ಚೀಲ ಜಠರವನ್ನು ಬಾಯಿಯಿಂದ ಹೊರಕ್ಕೆ ನೂಕುತ್ತದೆ. ಬಾಯ್ಲನ ನಿಯಮವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಪ್ರಯೋಗಶಾಲೆಯನ್ನು ನಾವು ಕಂಡಿಲ್ಲ. (ವಾಯುಚೀಲವನ್ನು ತೋರಿಸೆಂದು ಮೀನು ಸೀಳುವವರನ್ನು ಕೇಳಬಹುದು, ಆದರೆ ಗಿರಾಕಿಗಳ ನೂಕುನುಗ್ಗಲಿನ ವೇಳೆಯಲ್ಲಿ ಕೇಳಬಾರದು.)

ಸಿಲಿಂಡರಿನ ಗಾಳಿಯನ್ನು ಉಸಿರಾಡುತ್ತ ಮುಳುಗುವ ಮನುಷ್ಯನಿಗೂ ಇದೇ ನಿಯಮ. 10 ಮೀಟರು ಆಳದಲ್ಲಿ ಶ್ವಾಸಕೋಶವನ್ನು ತುಂಬಿಕೊಂಡು, ಉಸಿರು ಬಿಗಿಹಿಡಿದು ಮೇಲಕ್ಕೆ ಬಂದರೆ, ಒಳಗಿನ ಗಾಳಿ ಎರಡರಷ್ಟಾಗಲು ಹವಣಿಸಿ ಶ್ವಾಸಕೋಶವನ್ನು ಹರಿಯಬಲ್ಲುದು. ಆದ್ದರಿಂದಲೇ ನೀರಿನಲ್ಲಿ ಎಂದಿಗೂ ಉಸಿರು ಕಟ್ಟಬಾರದೆಂದೂ ನಿಧಾನವಾಗಿ ಏರಬೇಕೆಂದೂ ಶಿಕ್ಷಕರು ಮೊದಲ ದಿನವೇ ಹೇಳುತ್ತಾರೆ. ಇದು ಎಲ್ಲರಿಗೂ ತಿಳಿದಿರುತ್ತದೆ. ತಿಳಿಯದಿರುವುದು ಸಾರಜನಕದ ವಿಷಯ.

ಒತ್ತಡ ಹೆಚ್ಚಿದಂತೆ ಉಸಿರಿನ ಸಾರಜನಕ ರಕ್ತದಲ್ಲಿಯೂ ಅಂಗಾಂಶಗಳಲ್ಲಿಯೂ ಹೆಚ್ಚು ಹೆಚ್ಚಾಗಿ ಕರಗುತ್ತದೆ. ಮೇಲೆ ಬಂದ ಕೂಡಲೆ ಅದೆಲ್ಲ ಹೊರಟುಹೋಗುವುದಿಲ್ಲ. ಹಲವು ಗಂಟೆಗಳ ಕಾಲ ಮೆಲ್ಲಮೆಲ್ಲನೆ ಉಸಿರಿನೊಡನೆ ಹೊರಬೀಳುತ್ತದೆ. ಅಷ್ಟರಲ್ಲಿ ಸುತ್ತಣ ಒತ್ತಡ ಇನ್ನೂ ಇಳಿದರೆ, ಸೋಡಾ ಸೀಸೆಯ ಮುಚ್ಚಳ ತೆಗೆದಂತೆ, ಗುಳ್ಳೆಗಳೇಳಬಹುದು. ಕೀಲುನೋವಿನಿಂದ ಪಾರ್ಶ್ವವಾಯುವಿನವರೆಗೆ ಅದರ ಪರಿಣಾಮಗಳುಂಟು. ಆಡುಗಳ ಮೇಲೆ ಪ್ರಯೋಗ ನಡೆಸಿ ಹಾಲ್ಡೇನ್ ಮತ್ತು ಅವರ ಸಂಗಡಿಗರು 1908ರಲ್ಲಿ ಪ್ರಕಟಿಸಿದ ಕೋಷ್ಟಕಗಳು ಈ ಅಪಾಯವನ್ನು ತಪ್ಪಿಸುವುದಕ್ಕಾಗಿಯೇ ಹುಟ್ಟಿದವು.

ಹೀಗಿರಲಾಗಿ, ಒಂದೇ ಸಲ ಮುಳುಗಿದವರು ಕನಿಷ್ಠ 12 ಗಂಟೆಯೂ, ಹಲವು ಸಲ ಮುಳುಗಿದವರು ಕನಿಷ್ಠ 18 ಗಂಟೆಯೂ ಕಳೆಯುವವರೆಗೆ ವಿಮಾನವನ್ನೇರಬಾರದೆಂದು ತಜ್ಞರ ಸಲಹೆಯಿದೆ. ನಾವು ಹೋಗುವುದು ಬಸ್ಸಿನಲ್ಲಲ್ಲವೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಆದರೆ ಆ ಸಲಹೆ ಅನ್ವಯಿಸುವುದು ಸುಮಾರು 600 ಮೀಟರಿಗೆ ಮೇಲ್ಪಟ್ಟ ಎತ್ತರದ ವಾಯುಭಾರಕ್ಕೆ. ವಾಹನ ಯಾವುದೆಂದು ದೇಹ ಕೇಳುವುದಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿದೆ. ಇಲ್ಲಿಯ ವಾಯುಭಾರ ಕರಾವಳಿಯದಕ್ಕಿಂತ ಹತ್ತರಲ್ಲೊಂದು ಪಾಲಿನಷ್ಟು ಕಡಮೆ. ಮಧ್ಯಾಹ್ನ ನೀರಿನಿಂದೆದ್ದು ಸಂಜೆ ಬಸ್ಸು ಹತ್ತಿದವನು ಹನ್ನೆರಡು ಗಂಟೆ ತುಂಬುವುದಕ್ಕೆ ಮೊದಲೇ ಘಟ್ಟದ ಮೇಲಿರುತ್ತಾನೆ.

ಹೊಸಬರು ಮುಳುಗುವುದು ಹೆಚ್ಚೆಂದರೆ 12 ಮೀಟರು, ಅದೂ ಸ್ವಲ್ಪ ಹೊತ್ತು. ಅಂದೇ ಹಿಂದಿರುಗಿದವರಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲವೆಂಬ ವಾದವುಂಟು. ಅದು ಸುಳ್ಳಲ್ಲ. ಅಪಾಯ ಚಿಕ್ಕದು, ಹನ್ನೆರಡು ಗಂಟೆಯೆಂಬುದು ಪ್ರಕೃತಿ ಎಳೆದ ಗೆರೆಯೂ ಅಲ್ಲ. ಆದರೆ ಯಾರ ದೇಹದಲ್ಲಿ ಗುಳ್ಳೆಯೇಳುವುದೆಂದು ಮುಂದಾಗಿ ಹೇಳಲು ಬರುವುದಿಲ್ಲ. ರಾತ್ರಿಯ ಘಟ್ಟದ ದಾರಿಯಲ್ಲಿ ಕಾಲು ಜೋಮು ಹಿಡಿದರೆ ನೆರವಾಗುವವರು ಬಸ್ಸಿನಲ್ಲಿರುವುದಿಲ್ಲ. ಕೆಲವು ಗಂಟೆ ಕಾದರೆ ತಪ್ಪುವ ಅಪಾಯವನ್ನು ಅದೃಷ್ಟಕ್ಕೆ ಬಿಡುವುದು ವಿಜ್ಞಾನ ಓದುವವರಿಗೆ ಒಪ್ಪುವ ಮಾತೆ? ಪ್ರವಾಸ ಏರ್ಪಡಿಸುವವರು ಈ ಲೆಕ್ಕವನ್ನು ಹಣ ಪಡೆಯುವ ಮೊದಲೇ ಹೇಳಬೇಕೆಂದು ನಾವು ಒತ್ತಾಯಿಸುತ್ತೇವೆ.

ಸ್ನಾರ್ಕಲೆಂಬ ಉಸಿರುಗೊಳವೆಯನ್ನು ಕಚ್ಚಿಕೊಂಡು ನೀರಿನ ಮೇಲೆಯೇ ತೇಲುತ್ತ ನೋಡುವವರಿಗೆ ಈ ಕಾಯುವಿಕೆ ಬೇಕಿಲ್ಲ. ಅವರು ಉಸಿರಾಡುವುದು ಮೇಲಿನ ಗಾಳಿಯನ್ನೇ. ಈಜು ಬಲ್ಲವರು ಅಷ್ಟರಿಂದಲೇ ತೃಪ್ತರಾದರೂ ನಷ್ಟವಿಲ್ಲ.

ಮುಳುಗಲೇಬೇಕೆನ್ನುವವರು ಎರಡನೆಯ ಶನಿವಾರದ ರಜೆಯನ್ನು ಆರಿಸಿಕೊಳ್ಳಲಿ. ಶುಕ್ರವಾರ ರಾತ್ರಿ ಹೊರಟು, ಶನಿವಾರ ಮುಳುಗಿ, ಭಾನುವಾರವನ್ನು ಸಮುದ್ರತೀರದಲ್ಲಿ ಕಳೆದು, ಸಂಜೆ ಬಸ್ಸು ಹತ್ತಿದರೆ 24 ಗಂಟೆಗೂ ಮೀರಿದ ಬಿಡುವು ಸಿಕ್ಕುತ್ತದೆ. ಸೋಮವಾರದ ಪಾಠವೂ ತಪ್ಪುವುದಿಲ್ಲ. ನೆಗಡಿಯಿದ್ದರೆ ಕಿವಿಯ ಒತ್ತಡ ಸಮವಾಗದಾದ್ದರಿಂದ ದಿನವನ್ನು ಮುಂದಕ್ಕೆ ಹಾಕಬೇಕು. ಜೂನಿನಿಂದ ಸೆಪ್ಟೆಂಬರಿನವರೆಗೆ ಮುಂಗಾರಿನ ಕಡಲು ಪ್ರಕ್ಷುಬ್ಧವಾಗಿರುತ್ತದೆ. ಅದರಲ್ಲಿ ಮೊದಲ ಎರಡು ತಿಂಗಳು ನಮ್ಮ ಕರಾವಳಿಯ ಯಾಂತ್ರಿಕ ದೋಣಿಗಳಿಗೂ ಮೀನುಗಾರಿಕೆ ನಿಷಿದ್ಧ. ಆಗ ನೇತ್ರಾಣಿಯ ಮಾತೆತ್ತುವಂತಿಲ್ಲ.