ಹಿಮವಿಲ್ಲದ ನಾಡಿನ ಜಾರುಹಾದಿ

ಉತ್ತರ ಧ್ರುವಕ್ಕೆ ಸಮೀಪವಾದ ಪ್ರದೇಶಗಳಲ್ಲಿ ಚಳಿಗಾಲ ಬಂದಿತೆಂದರೆ ಸರೋವರಗಳೇ ರಸ್ತೆಗಳಾಗುತ್ತವೆ. ಕೆನಡ ದೇಶದ ವಾಯವ್ಯ ಪ್ರಾಂತದಲ್ಲಿ ಟಿಬಿಟ್ ಎಂಬ ಸರೋವರದಿಂದ ಕಾಂಟ್‌ವಾಯ್ಟೊ ಎಂಬ ಸರೋವರದ ದಿಕ್ಕಿಗೆ ಹೋಗುವ ಚಳಿಗಾಲದ ಹಾದಿ ಇಂತಹುದು. ೧೯೮೨ರಲ್ಲಿ ಮೊದಲು ನಿರ್ಮಿತವಾದ ಈ ಹಾದಿ ಪ್ರತಿ ಬೇಸಗೆಯಲ್ಲಿ ಕರಗಿ ಹೋಗುತ್ತದೆ. ಮರುವರ್ಷ ಅದನ್ನು ಹೊಸದಾಗಿ ಕಟ್ಟಬೇಕು. ಅದರ ಬಹುಭಾಗವೆಲ್ಲ ಹೆಪ್ಪುಗಟ್ಟಿದ ನೀರಿನ ಮೇಲೆಯೇ. ವಜ್ರದ ಗಣಿಗಳಿಗೆ ಬೇಕಾದ ಎಣ್ಣೆ, ಯಂತ್ರ, ಸಿಮೆಂಟು ಮೊದಲಾದುವು ಸುಮಾರು ಎರಡು ತಿಂಗಳ ಅವಧಿಯಲ್ಲಿ ಈ ಹಾದಿಯನ್ನು ದಾಟಿ ಹೋಗಬೇಕು. ಮೇಲೆ ಹತ್ತಾರು ಟನ್ ತೂಕದ ಲಾರಿ, ಕೆಳಗೆ ಒಂದು ಮೀಟರಿನಷ್ಟು ದಪ್ಪನೆಯ ಮಂಜುಗಡ್ಡೆ, ಅದರಡಿ ಕತ್ತಲೆಯ ನೀರು. ಇದನ್ನು ಚಿತ್ರಗಳಲ್ಲಿ ಕಂಡ ನಮ್ಮ ವಿದ್ಯಾರ್ಥಿಗಳಿಗೆ ಮೈ ನವಿರೇಳುವುದು ಸಹಜವೇ.

ಆದರೆ ನಮ್ಮ ಅಭಿಪ್ರಾಯವನ್ನು ಕೇಳುವುದಾದರೆ, ಆ ಹಾದಿಗಿಂತ ಹಾರೋಹಳ್ಳಿಯ ಹಾದಿಯನ್ನು ನೋಡಿದಾಗ ಮೈ ನವಿರೇಳುವುದಕ್ಕೆ ಹೆಚ್ಚು ಕಾರಣವುಂಟು. ಇದು ಅತಿಶಯೋಕ್ತಿಯೆಂದು ವಾಚಕರು ನಗಬಹುದು. ಸ್ವಲ್ಪ ತಾಳ್ಮೆಯಿಂದ ಲೆಕ್ಕ ಹಾಕಿ ನೋಡೋಣ.

ಮಂಜುಗಡ್ಡೆ ಏಕೆ ಜಾರುತ್ತದೆ? ಮೇಲಿನ ಭಾರದ ಒತ್ತಡಕ್ಕೆ ಅದು ಕರಗಿ ನೀರಾಗುವುದೇ ಕಾರಣವೆಂದು ಹಲವು ಪಠ್ಯಪುಸ್ತಕಗಳು ಬಹುಕಾಲ ಹೇಳುತ್ತ ಬಂದುವು. ಒತ್ತಡ ಹೆಚ್ಚಿದರೆ ಮಂಜುಗಡ್ಡೆಯ ದ್ರವನಬಿಂದು ಇಳಿಯುವುದು ನಿಜ. ಎಷ್ಟು ಇಳಿಯುತ್ತದೆ? ಒಂದು ವಾಯುಮಂಡಲದ ಒತ್ತಡಕ್ಕೆ ಸುಮಾರು ೦.೦೦೭೫ ಡಿಗ್ರಿ ಸೆಲ್ಸಿಯಸ್. ಲಾರಿಯ ಗಾಲಿಯಲ್ಲಿ ತುಂಬಿದ ಗಾಳಿಯ ಒತ್ತಡ ಎಂಟು ವಾಯುಮಂಡಲದಷ್ಟೆಂದು ಹಿಡಿದರೂ ಇಳಿತ ಕೇವಲ ೦.೦೬ ಡಿಗ್ರಿ. ಸೊನ್ನೆಗಿಂತ ಇಪ್ಪತ್ತು ಮೂವತ್ತು ಡಿಗ್ರಿ ಕೆಳಗಿರುವ ಪ್ರದೇಶದಲ್ಲಿ ಈ ಅಲ್ಪ ಇಳಿತದಿಂದ ಏನು ಕರಗೀತು? ಮಂಜುಗಡ್ಡೆಯ ಮೇಲ್ಮೈಯಲ್ಲಿ ನೀರಿನಂತಹ ಒಂದು ತೆಳುಪದರ ಸದಾ ಇರುತ್ತದೆಂಬ ಸೂಚನೆಯನ್ನು ಮೈಕೇಲ್ ಫ್ಯಾರಡೆ ಮಹಾಶಯನು ೧೮೫೦ರಲ್ಲಿಯೇ ಮಾಡಿದ್ದನು. ಆ ಸಡಿಲವಾದ ಪದರವೂ, ಉಜ್ಜುವಿಕೆಯಿಂದ ಹುಟ್ಟುವ ಶಾಖವೂ ಸೇರಿ ಮಂಜುಗಡ್ಡೆಯನ್ನು ಜಾರುವಂತೆ ಮಾಡುತ್ತವೆಂಬುದು ಇಂದಿನ ತಿಳಿವಳಿಕೆ. ಆದುದರಿಂದಲೇ ಕಡುಚಳಿಯ ಮಂಜುಗಡ್ಡೆಗಿಂತ ಕರಗುವ ಹೊತ್ತಿಗೆ ಸಮೀಪವಾದ ಮಂಜುಗಡ್ಡೆ ಹೆಚ್ಚು ಅಪಾಯಕಾರಿ.

ಎರಡು ಗಟ್ಟಿ ಮೈಗಳ ನಡುವೆ ತೆಳುವಾದ ಒಂದು ನುಣುಪು ಪದರ: ಜಾರುವಿಕೆಗೆ ಬೇಕಾದುದು ಇಷ್ಟೆ. ಅದು ಹಿಮದಿಂದಲೇ ಆಗಬೇಕೆಂಬ ನಿಯಮವಿಲ್ಲ. ಬೆಂಗಳೂರಿನಿಂದ ಹಾರೋಹಳ್ಳಿ, ಕನಕಪುರ, ಮಳವಳ್ಳಿ, ಕೊಳ್ಳೇಗಾಲಗಳ ಮೂಲಕ ತಮಿಳುನಾಡಿಗೆ ಹೋಗುವ ಹೆದ್ದಾರಿಯನ್ನು, ಅಂದರೆ ಹಿಂದೆ ೨೦೯ ಎನಿಸಿಕೊಂಡು ಈಗ ೯೪೮ ಎನಿಸಿಕೊಳ್ಳುವ ರಾಷ್ಟ್ರೀಯ ಹೆದ್ದಾರಿಯನ್ನು, ಬೇಸಗೆಯ ಕೊನೆಯಲ್ಲಿ ಒಮ್ಮೆ ನೋಡಬೇಕು. ಈ ಸೀಮೆ ಕಲ್ಲಿನ ಸೀಮೆ. ರಾಮನಗರದ ಬಂಡೆಗಳು ಸುಮಾರು ೨೫೦ ಕೋಟಿ ವರ್ಷಗಳಷ್ಟು ಹಳೆಯವು. ಆ ಊರಿನ ಹಿಂದಿನ ಹೆಸರಿನಿಂದ ಭೂವಿಜ್ಞಾನಿಗಳು ಅವನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಕನಕಪುರದ ಕಡೆಯ ಬಣ್ಣದ ಕಲ್ಲುಗಳು ಹೊರದೇಶಗಳಿಗೂ ಹೋಗುತ್ತವೆ. ಕಲ್ಲಿನ ಜೊತೆಗೆ ಜಲ್ಲಿ, ಕಲ್ಲುಪುಡಿಯ ಮರಳು. ಸಾಲದುದಕ್ಕೆ ಹಾರೋಹಳ್ಳಿಯ ಕೈಗಾರಿಕಾ ಪ್ರದೇಶಕ್ಕೆ ಬಂದು ಹೋಗುವ ಸರಕು. ಈ ಲಾರಿಗಳಿಂದ ಉದುರಿದ ಕಲ್ಲುಪುಡಿ, ಸೋರಿದ ಎಣ್ಣೆ, ಸವೆದ ರಬ್ಬರು ಎಲ್ಲವೂ ತಿಂಗಳುಗಟ್ಟಲೆ ರಸ್ತೆಯ ಮೇಲೆ ಕೂಡುತ್ತವೆ. ಮೊದಲ ಮಳೆಯ ಹತ್ತು ಹನಿ ಬಿದ್ದೊಡನೆ ಇವೆಲ್ಲ ಕಲಸಿಕೊಂಡು ಒಂದು ಲೇಪವಾಗುತ್ತದೆ. ಜೋರಾದ ಮಳೆ ಬಂದರೆ ಅದು ತೊಳೆದು ಹೋಗುತ್ತದೆ. ಸಣ್ಣ ಹನಿಯಾದರೆ ಉಳಿದುಬಿಡುತ್ತದೆ. ನಮ್ಮ ನಾಡಿನ ಮಂಜುಗಡ್ಡೆ ಇದೇ.

ಗಂಟೆಗೆ ೬೦ ಕಿಲೊಮೀಟರು ವೇಗದ ವಾಹನವೊಂದು ಗಾಲಿಗಳನ್ನು ಪೂರ್ತಿ ತಡೆದು ನಿಲ್ಲಲು ಬೇಕಾಗುವ ದೂರವನ್ನು ಕಾಲೇಜಿನ ಮೊದಲ ವರ್ಷದ ವಿದ್ಯಾರ್ಥಿಯೂ ಎಣಿಸಬಲ್ಲನು. ವೇಗದ ವರ್ಗವನ್ನು ಘರ್ಷಣಾಂಕ ಮತ್ತು ಗುರುತ್ವ ವೇಗೋತ್ಕರ್ಷಗಳ ಗುಣಲಬ್ಧದ ಎರಡರಷ್ಟರಿಂದ ಭಾಗಿಸಿದರಾಯಿತು. ಒಣ ರಸ್ತೆಗೆ ಘರ್ಷಣಾಂಕ ೦.೭ ಎಂದು ಹಿಡಿದರೆ ೨೦ ಮೀಟರು. ಒದ್ದೆಯ ರಸ್ತೆಗೆ ೦.೪ ಎಂದರೆ ೩೫ ಮೀಟರು. ಕೆಸರಿನ ಲೇಪಕ್ಕೆ ೦.೨೫ ಎಂದರೆ ೫೭ ಮೀಟರು, ಮಂಜುಗಡ್ಡೆಗೆ ೦.೧ ಎಂದರೆ ೧೪೨ ಮೀಟರು. ಅಪಾಯವನ್ನು ಕಂಡು ಚಾಲಕನು ಕಾಲಿಡುವಷ್ಟರಲ್ಲಿ ಒಂದೂವರೆ ಸೆಕೆಂಡು ಕಳೆದರೆ ಇನ್ನೂ ೨೫ ಮೀಟರನ್ನು ಇವಕ್ಕೆ ಕೂಡಿಸಬೇಕು.

ಇಲ್ಲಿ ಚುರುಕಾದ ವಿದ್ಯಾರ್ಥಿಯೊಬ್ಬನು ಎದ್ದು ನಿಂತು, ಈ ಸೂತ್ರದಲ್ಲಿ ಭಾರವೇ ಇಲ್ಲವಲ್ಲ, ಹೀಗಿರುವಾಗ ಭಾರದ ಲಾರಿಯನ್ನೇಕೆ ದೂರಬೇಕು ಎಂದು ಕೇಳದೆ ಇರನು. ಒಳ್ಳೆಯ ಪ್ರಶ್ನೆ. ಚಾಲಕರಲ್ಲಿಯೂ ಇದೇ ನಂಬಿಕೆ ಇದೆ: ಲೋಡು ಇದ್ದರೆ ಗಾಡಿ ನೆಲ ಹಿಡಿಯುತ್ತದೆ ಎನ್ನುತ್ತಾರೆ. ಅದು ಅರ್ಧ ಸತ್ಯ. ಭಾರ ಹೆಚ್ಚಿದಷ್ಟೂ ನೆಲದ ಹಿಡಿತ ಹೆಚ್ಚುತ್ತದೆ. ಆದರೆ ಆ ಹಿಡಿತವನ್ನು ಉಪಯೋಗಿಸಿಕೊಳ್ಳಬೇಕಾದದ್ದು ಬ್ರೇಕು. ಬ್ರೇಕಿನ ಬಲಕ್ಕೆ ಮಿತಿಯಿದೆ. ಆ ಮಿತಿಯನ್ನು ಕಾರ್ಖಾನೆಯವರು ನಿಗದಿಯಾದ ತೂಕಕ್ಕೆ ತಕ್ಕಂತೆ ಗೊತ್ತುಮಾಡಿರುತ್ತಾರೆಯೇ ಹೊರತು ಕಲ್ಲುಗಣಿಯಲ್ಲಿ ತುಂಬುವವನ ಉತ್ಸಾಹಕ್ಕೆ ತಕ್ಕಂತೆ ಅಲ್ಲ.

ಮೂರು ಅಚ್ಚುಗಳ ಲಾರಿಯನ್ನು ತೆಗೆದುಕೊಳ್ಳೋಣ. ಸರಕೂ ಗಾಡಿಯೂ ಸೇರಿ ಅದು ೨೫ ಟನ್ ತೂಗಬಹುದೆಂದು ಹಿಂದೆ ನಿಯಮವಿತ್ತು. ೨೦೧೮ರಲ್ಲಿ ಕೇಂದ್ರ ಸರಕಾರ ಅದನ್ನು ೨೮.೫ ಟನ್ನಿಗೆ ಏರಿಸಿತು. ಗಾಡಿಯ ಸ್ವಂತ ತೂಕ ಸುಮಾರು ೧೦ ಟನ್ ಎಂದರೆ ಸರಕಿಗೆ ಉಳಿಯುವುದು ೧೮.೫ ಟನ್. ಈಗ ಎರಡೂವರೆ ಮೀಟರು ಉದ್ದ, ಒಂದೂವರೆ ಮೀಟರು ಅಗಲ, ಅಷ್ಟೇ ಎತ್ತರದ ಒಂದು ಕಲ್ಲಿನ ದಿಮ್ಮಿಯನ್ನು ಊಹಿಸಿಕೊಳ್ಳಿ. ಒಂದು ಘನ ಮೀಟರು ಗ್ರಾನೈಟ್ ಸುಮಾರು ೨.೭ ಟನ್ ತೂಗುತ್ತದೆ. ಆದ್ದರಿಂದ ಈ ದಿಮ್ಮಿಯ ತೂಕ ೧೫ ಟನ್. ಒಂದನ್ನು ಹೇರಿದರೆ ಲಾರಿಗೆ ಕ್ಷೇಮ. ‘ಜಾಗವಿದೆಯಲ್ಲ’ ಎಂದು ಇನ್ನೊಂದನ್ನು ಹೇರಿದರೆ ಒಟ್ಟು ೪೦ ಟನ್. ನೋಡುವವರ ಕಣ್ಣಿಗೆ ಲಾರಿ ಅರ್ಧ ಖಾಲಿಯಾಗಿಯೇ ಕಾಣುತ್ತದೆ! ಹುಲ್ಲು ಹೇರಿದ ಗಾಡಿಯನ್ನು ಕಂಡು ಹೆದರುವ ನಮ್ಮ ಜನ ಕಲ್ಲು ಹೇರಿದ ಗಾಡಿಯ ಪಕ್ಕದಲ್ಲಿ ನಿಶ್ಚಿಂತರಾಗಿ ಬೈಸಿಕಲ್ಲು ತುಳಿಯುತ್ತಾರೆ.

ಇಂತಹ ಲಾರಿಯ ಬ್ರೇಕು ತನ್ನ ಪೂರ್ಣಬಲವನ್ನು ಪ್ರಯೋಗಿಸಿದರೂ ನಿಲ್ಲುವ ದೂರ ೧.೪ರಷ್ಟಾಗುತ್ತದೆ. ಅದಕ್ಕಿಂತಲೂ ಮುಖ್ಯವಾದುದು ಉಷ್ಣ. ೬೦ ಕಿಲೊಮೀಟರು ವೇಗದ ೨೮.೫ ಟನ್ ಲಾರಿಯಲ್ಲಿ ಸುಮಾರು ೪೦ ಲಕ್ಷ ಜೂಲ್ ಚಲನಶಕ್ತಿ ಅಡಗಿರುತ್ತದೆ. ಹನ್ನೆರಡು ಲೀಟರು ನೀರನ್ನು ಕುದಿಯುವಂತೆ ಮಾಡಲು ಅದು ಸಾಕು. ನಿಲ್ಲಿಸುವುದೆಂದರೆ ಆ ಶಕ್ತಿಯ ಬಹುಪಾಲನ್ನು ಬ್ರೇಕಿನ ಡ್ರಮ್ಮುಗಳಿಗೆ ಶಾಖವಾಗಿ ಸುರಿಯುವುದೆಂದೇ ಅರ್ಥ. ೪೦ ಟನ್ ಲಾರಿಗೆ ಇದು ೫೫ ಲಕ್ಷ ಜೂಲನ್ನೂ ಮೀರುತ್ತದೆ. ಇಳಿಜಾರಿನಲ್ಲಿಯಂತೂ ಕೇಳುವುದೇ ಬೇಡ: ಒಂದೇ ವೇಗದಲ್ಲಿ ನೂರು ಮೀಟರು ಎತ್ತರವನ್ನು ಇಳಿಯುವ ಲಾರಿಯ ಬ್ರೇಕಿಗೆ, ಎಂಜಿನ್ನಿನ ಸಹಾಯವಿಲ್ಲದಿದ್ದರೆ, ಅರವತ್ತರ ವೇಗದಿಂದ ಏಳು ಸಲ ನಿಂತಷ್ಟು ಶಾಖ ಬೀಳುತ್ತದೆ. ಕಾದ ಡ್ರಮ್ಮು ಹಿಗ್ಗಿ ಪಟ್ಟಿಯಿಂದ ದೂರ ಸರಿಯುತ್ತದೆ, ಪಟ್ಟಿಯ ಘರ್ಷಣೆಯೂ ಕುಗ್ಗುತ್ತದೆ. ಚಾಲಕನ ಕಾಲು ಬೋರ್ಡನ್ನು ಮುಟ್ಟಿದರೂ ಗಾಡಿ ನಿಲ್ಲದು. ಬೆಂಗಳೂರಿಗೂ ಕನಕಪುರಕ್ಕೂ ಇನ್ನೂರು ಮೀಟರಿಗೂ ಮಿಕ್ಕ ಎತ್ತರದ ವ್ಯತ್ಯಾಸವಿದೆ; ಬೆಂಗಳೂರಿನ ವೃಷಭಾವತಿ ಹರಿದು ಬಂದು ಅರ್ಕಾವತಿಯನ್ನು ಕೂಡುವುದೂ ಈ ದಿಕ್ಕಿನಲ್ಲಿಯೇ. ಅದು ದೂರ ದೂರಕ್ಕೆ ಹಂಚಿಹೋಗಿರುವ ಸೌಮ್ಯವಾದ ಇಳಿತ. ಆದರೆ ಇದೇ ಹೆದ್ದಾರಿ ಚಾಮರಾಜನಗರವನ್ನು ದಾಟಿ ದಿಂಬಂ ಘಟ್ಟದಲ್ಲಿ ಇಪ್ಪತ್ತೇಳು ಕಡಿದಾದ ತಿರುವುಗಳನ್ನಿಳಿಯುತ್ತದೆ. ಅಲ್ಲಿ ಡೀಸೆಲ್ಲು ಉಳಿಸಲೆಂದು ಗೇರು ಬಿಡಿಸಿ ಗಾಡಿಯನ್ನು ಉರುಳಬಿಡುವವನು ತನಗಿದ್ದ ಎಂಜಿನ್ನಿನ ತಡೆಯನ್ನು ತಾನೇ ಕಳಚಿ ಎಸೆದಂತೆ.

ಇನ್ನು, ಬ್ರೇಕು ಗಾಡಿಗುಂಟೇ ವಿನಾ ಕಲ್ಲಿಗಿಲ್ಲ. ಸರಪಣಿಯಿಂದ ಬಿಗಿಯದ ದಿಮ್ಮಿಯನ್ನು ಹಿಡಿದಿಡುವುದು ತಗಡಿನ ಹಾಸಿನ ಘರ್ಷಣೆ ಮಾತ್ರ. ಲಾರಿ ಥಟ್ಟನೆ ನಿಂತರೆ ನ್ಯೂಟನ್ನನ ಮೊದಲ ನಿಯಮದಂತೆ ಹದಿನೈದು ಟನ್ ಕಲ್ಲು ಮುಂದಕ್ಕೆ ಹೊರಡುತ್ತದೆ. ಅದರ ಮುಂದೆ ಕುಳಿತಿರುವವನು ಚಾಲಕ.

ಈಗ ಕೆನಡಕ್ಕೆ ಹಿಂದಿರುಗೋಣ. ಅಲ್ಲಿ ಮಂಜುಗಡ್ಡೆಯ ದಪ್ಪವನ್ನು ರೇಡಾರಿನಿಂದ ಅಳೆಯುತ್ತಾರೆ. ದಪ್ಪ ಇಮ್ಮಡಿಸಿದರೆ ಅದು ಹೊರಬಲ್ಲ ಭಾರ ನಾಲ್ಮಡಿಸುತ್ತದೆಂಬ ಲೆಕ್ಕವನ್ನು ಆಧರಿಸಿ, ಇಂದು ಇಷ್ಟೇ ಟನ್ ಎಂದು ಗೊತ್ತುಮಾಡುತ್ತಾರೆ. ಸರೋವರದ ಮೇಲೆ ತುಂಬಿದ ಲಾರಿಗೆ ಗಂಟೆಗೆ ೨೫ ಕಿಲೊಮೀಟರಿನ ಮಿತಿ. ಇದಕ್ಕೆ ಜಾರುವಿಕೆಗಿಂತ ಬೇರೊಂದು ಕಾರಣವುಂಟು. ಲಾರಿಯ ಭಾರಕ್ಕೆ ಮಂಜುಗಡ್ಡೆ ಹಲಗೆಯಂತೆ ಬಾಗುತ್ತದೆ, ಕೆಳಗಿನ ನೀರಿನಲ್ಲಿ ಒಂದು ಅಲೆ ಏಳುತ್ತದೆ. ಲಾರಿಯ ವೇಗ ಆ ಅಲೆಯ ವೇಗಕ್ಕೆ ಸಮನಾದರೆ ಅಲೆ ಬೆಳೆಯುತ್ತ ಹೋಗಿ ಮಂಜುಗಡ್ಡೆ ಬಿರಿಯುತ್ತದೆ. ಲಾರಿಗಳನ್ನು ಒಟ್ಟಾಗಿ ಬಿಡದೆ ಅಂತರವಿಟ್ಟು ಬಿಡುತ್ತಾರೆ. ಆ ಚಾಲಕರು ನಮ್ಮವರಿಗಿಂತ ಹೆಚ್ಚು ಜಾಣರೆಂದೇನೂ ನಾವು ಭಾವಿಸುವುದಿಲ್ಲ. ತಪ್ಪು ಮಾಡಿದ ಲಾರಿಯೇ ಮುಳುಗುವುದರಿಂದ ಅಲ್ಲಿ ಎಲ್ಲರಿಗೂ ಶಿಸ್ತು ತಾನಾಗಿಯೇ ಬಂದಿದೆ.

ನಮ್ಮ ರಸ್ತೆಯಾದರೋ ಹಾಗೆ ಒಡನೆಯೇ ಶಿಕ್ಷಿಸುವುದಿಲ್ಲ. ಅದು ಸಾಲವಾಗಿ ಬರೆದಿಟ್ಟುಕೊಂಡು ಇನ್ನೊಬ್ಬರಿಂದ ವಸೂಲುಮಾಡುತ್ತದೆ. ಅಮೆರಿಕದ ಇಲಿನಾಯ್ ಪ್ರಾಂತದ ಒಟ್ಟಾವ ಎಂಬಲ್ಲಿ ೧೯೫೮ರಿಂದ ೧೯೬೦ರವರೆಗೆ ಲಾರಿಗಳನ್ನು ಹಗಲಿರುಳು ಓಡಿಸಿ ನಡೆಸಿದ ಪ್ರಯೋಗಗಳಿಂದ ಒಂದು ನಿಯಮ ತಿಳಿದುಬಂದಿತು: ರಸ್ತೆಗೆ ಆಗುವ ಹಾನಿ ಅಚ್ಚಿನ ಭಾರದ ಸುಮಾರು ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆ. ನಮ್ಮ ೪೦ ಟನ್ ಲಾರಿಗೆ ಇದನ್ನು ಅನ್ವಯಿಸಿದರೆ ಅದು ನಿಯಮದ ಲಾರಿಯ ಸುಮಾರು ನಾಲ್ಕರಷ್ಟು ಹಾನಿ ಮಾಡುತ್ತದೆ. ಹೊತ್ತ ಸರಕಾದರೋ ೧.೬ರಷ್ಟು ಮಾತ್ರ. ಆ ಹೆಚ್ಚಿನ ಸರಕಿನ ಬಾಡಿಗೆ ಯಾರದೋ ಜೇಬಿಗೆ. ಗುಂಡಿ ಬಿದ್ದ ರಸ್ತೆ ಮಾತ್ರ ಹಾರೋಹಳ್ಳಿಯ ಶಾಲೆಗೆ ನಡೆದು ಹೋಗುವ ಹುಡುಗಿಯ ಪಾಲಿಗೆ, ಸಂಜೆಯ ಹನಿಮಳೆಯಲ್ಲಿ ಆ ಗುಂಡಿಯನ್ನು ತಪ್ಪಿಸಲು ಲಾರಿಯ ಕಡೆಗೆ ಸರಿಯುವ ಸ್ಕೂಟರಿನವನ ಪಾಲಿಗೆ.

ಅಪಘಾತವಾದಾಗ ‘ಚಾಲಕನ ಅಜಾಗರೂಕತೆ’ ಎಂದು ಬರೆದು ಕಡತ ಮುಚ್ಚುವ ಪರಿಪಾಟವನ್ನು ನಾವು ಒಪ್ಪಲಾರೆವು. ತೂಕವನ್ನು ಗೊತ್ತುಮಾಡಿದವನು ಚಾಲಕನಲ್ಲ. ೧೯೮೮ರ ಮೋಟಾರು ವಾಹನ ಶಾಸನದ ೧೯೪ನೆಯ ವಿಧಿಯೂ ಓಡಿಸಿದವನನ್ನು ಮಾತ್ರವಲ್ಲದೆ ಓಡಿಸಗೊಟ್ಟವನನ್ನೂ ಹೊಣೆಗಾರನನ್ನಾಗಿ ಮಾಡಿದೆ. ೨೦೧೯ರ ತಿದ್ದುಪಡಿಯ ಪ್ರಕಾರ ದಂಡ ೨೦,೦೦೦ ರೂಪಾಯಿ, ಮೇಲೆ ಹೆಚ್ಚಿನ ಪ್ರತಿಯೊಂದು ಟನ್ನಿಗೂ ೨,೦೦೦ ರೂಪಾಯಿ. ಸಾಲದೆಂಬಂತೆ ಹೆಚ್ಚಿನ ಸರಕನ್ನು ಅಲ್ಲಿಯೇ ಇಳಿಸುವ ವೆಚ್ಚ ಬೇರೆ. ಶಾಸನದಲ್ಲಿ ಕೊರತೆಯಿಲ್ಲ. ಕೊರತೆಯಿರುವುದು ತೂಗುವ ಸ್ಥಳದಲ್ಲಿ. ಲಾರಿ ಐವತ್ತು ಕಿಲೊಮೀಟರು ಓಡಿದ ಮೇಲೆ ತೂಗಿದರೆ ಆಗಬೇಕಾದ ಅನಾಹುತ ಆಗಿ ಹೋಗಿರಬಹುದು; ಇಳಿಸಿದ ಕಲ್ಲನ್ನು ಇಡುವುದಾದರೂ ಎಲ್ಲಿ? ಕಲ್ಲುಗಣಿಯ ಮತ್ತು ಜಲ್ಲಿಯಂತ್ರದ ಬಾಗಿಲಿನಲ್ಲಿಯೇ, ಅವುಗಳ ಮಾಲೀಕರ ವೆಚ್ಚದಲ್ಲಿಯೇ, ತೂಕದ ಸೇತುವೆಯಿರಬೇಕು. ತೂಕದ ಚೀಟಿಯಿಲ್ಲದೆ ಲಾರಿ ಹೆದ್ದಾರಿಗೆ ಇಳಿಯಬಾರದು. ಹಾಗೆ ಮಾಡಿದರೆ ಕಲ್ಲಿನ ಬೆಲೆ ಏರುತ್ತದೆಂಬ ಆಕ್ಷೇಪ ಬಂದೇ ಬರುತ್ತದೆ. ಏರಲಿ. ಈಗಲೂ ಆ ಬೆಲೆಯನ್ನು ಯಾರೋ ತೆರುತ್ತಲೇ ಇದ್ದಾರೆ. ಕಲ್ಲು ಕೊಂಡವರು ತೆರುತ್ತಿಲ್ಲ, ಅಷ್ಟೆ.

ಇನ್ನೊಂದು ಕೆಲಸಕ್ಕೆ ಹಣವೇ ಬೇಡ. ಮೊದಲ ಮಳೆಗಳ ವಾರದಲ್ಲಿ ಈ ಹಾದಿಯ ಊರುಗಳ ಬಳಿ ಭಾರದ ಲಾರಿಗಳಿಗೆ ಗಂಟೆಗೆ ೪೦ ಕಿಲೊಮೀಟರಿನ ಮಿತಿಯನ್ನು ವಿಧಿಸಿ, ಅದನ್ನು ನಿಜವಾಗಿಯೂ ನಡೆಸಿದರೆ ಆ ಲೇಪದ ಮೇಲೆ ೫೭ ಮೀಟರಿನ ದೂರ ೨೫ ಮೀಟರಿಗೆ ಇಳಿಯುತ್ತದೆ. ಹಾರೋಹಳ್ಳಿಯಿಂದ ಕನಕಪುರಕ್ಕೆ ಹೋಗುವ ಲಾರಿಗೆ ಇದರಿಂದಾಗುವ ತಡ ಕೆಲವೇ ನಿಮಿಷ.